ಓನೊರೆ ದೋಮಿಯೆ: ಕಲ್ಲಚ್ಚು, ಕಾನೂನು ಮತ್ತು ಒಬ್ಬ ವ್ಯಂಗ್ಯಚಿತ್ರಕಾರನ ನಲವತ್ತು ವರ್ಷ

1831ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಪೊಲೀಸರು ವೆರೊ-ದೊದಾ ಎಂಬ ಗಾಜಿನ ಮಾಡಿನ ಅಂಗಡಿ ಸಾಲಿಗೆ ಬಂದು, ಒಬೆರ್ ಎಂಬ ಪ್ರಕಾಶಕನ ಮಳಿಗೆಯಿಂದ ಒಂದು ಚಿತ್ರದ ಪ್ರತಿಗಳನ್ನು ಎತ್ತಿಕೊಂಡು ಹೋದರು. ಪ್ರತಿಗಳು ಸಿಕ್ಕಿದ್ದು ಅವರಿಗೆ ಸಾಲಲಿಲ್ಲ. ಚಿತ್ರ ಬರೆದಿದ್ದ ಕಲ್ಲನ್ನೂ ನಾಶಮಾಡಬೇಕೆಂದು ಆಜ್ಞೆಯಾಯಿತು. ಚಿತ್ರ ಬರೆದವನ ಹೆಸರು ಓನೊರೆ ದೋಮಿಯೆ, ವಯಸ್ಸು 23.

ಕಾಗದವನ್ನು ಸುಟ್ಟರೆ ಮುಗಿಯಿತಲ್ಲ, ಕಲ್ಲಿನ ಮೇಲೆ ಸರ್ಕಾರಕ್ಕೆ ಯಾಕಷ್ಟು ಸಿಟ್ಟು? ಈ ಪ್ರಶ್ನೆಗೆ ಉತ್ತರ ತಿಳಿದುಕೊಂಡರೆ ದೋಮಿಯೆಯ ಬದುಕಿನ ಅರ್ಧ ಕಥೆ ತಿಳಿದಂತೆ. ಅವನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವನ ಧೈರ್ಯದಿಂದ ಶುರುಮಾಡುತ್ತಾರೆ. ಧೈರ್ಯ ನಿಜವಾದದ್ದೇ. ಆದರೆ ಅವನ ಕೈಗೆ ಸಿಕ್ಕಿದ ಕಸುಬು ಎಂಥದ್ದು, ಆ ಕಸುಬಿಗೆ ಕಾನೂನು ಯಾವ ಕಾಲದಲ್ಲಿ ಎಲ್ಲಿ ಬೇಲಿ ಹಾಕಿತು ಎಂಬುದನ್ನು ನೋಡದಿದ್ದರೆ, ರಾಜನನ್ನು ಬರೆಯುತ್ತಿದ್ದವನು ಒಮ್ಮೆಲೇ ವಕೀಲರನ್ನೂ ಮನೆಮಾಲೀಕರನ್ನೂ ಬರೆಯತೊಡಗಿದ್ದು ಏಕೆ ಎಂಬುದು ಅರ್ಥವಾಗುವುದಿಲ್ಲ.

ಕಲ್ಲಿನಿಂದಲೇ ಆರಂಭಿಸೋಣ.

ಹತ್ತೊಂಬತ್ತನೆಯ ಶತಮಾನ ಹುಟ್ಟುವವರೆಗೆ ಯುರೋಪಿನಲ್ಲಿ ಚಿತ್ರವನ್ನು ಅಚ್ಚು ಹಾಕಲು ಮುಖ್ಯವಾಗಿ ಎರಡು ದಾರಿಗಳಿದ್ದವು. ಮರದ ಹಲಗೆಯಲ್ಲಿ ಗೆರೆಗಳನ್ನು ಮಾತ್ರ ಉಳಿಸಿ ಮಿಕ್ಕ ಭಾಗವನ್ನು ಕೆತ್ತಿ ತೆಗೆಯುವುದು ಒಂದು. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಆ ತಗ್ಗಿನೊಳಗೆ ಶಾಯಿ ತುಂಬುವುದು ಇನ್ನೊಂದು. ಎರಡಕ್ಕೂ ಕೆತ್ತನೆಯಲ್ಲಿ ಪಳಗಿದ ಕೈ ಬೇಕು, ಬೇಕಾದಷ್ಟು ಹೊತ್ತು ಬೇಕು. ಬೆಳಿಗ್ಗೆ ಮಂತ್ರಿ ಆಡಿದ ಮಾತಿಗೆ ಎರಡು ದಿನದಲ್ಲಿ ಚಿತ್ರದ ಉತ್ತರ ಕೊಡುತ್ತೇನೆ ಎಂದರೆ ಅದು ಸುಲಭವಾಗಿ ಆಗುವ ಕೆಲಸವಾಗಿರಲಿಲ್ಲ. 1790ರ ದಶಕದ ಕೊನೆಗೆ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ ಮೂರನೆಯ ದಾರಿಯೊಂದನ್ನು ಕಂಡುಹಿಡಿದ. ಅವನು ನಾಟಕಕಾರ, ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕಿಸಲು ದಾರಿ ಹುಡುಕುತ್ತಿದ್ದ. ಸಿಕ್ಕಿದ್ದು ಕಲ್ಲಚ್ಚು. ಇದರಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಸಪಾಟಾದ ಕಲ್ಲು, ಅದರ ಮೇಲೆ ಚಿತ್ರ, ಅಷ್ಟೇ.

ಇದರ ಗುಟ್ಟು ನಮ್ಮ ಮನೆಯಲ್ಲೇ ಇದೆ. ಅಭ್ಯಂಜನಕ್ಕೆಂದು ಎಣ್ಣೆ ಹಚ್ಚಿಕೊಂಡ ಮೈಮೇಲೆ ಮೊದಲ ಚೊಂಬು ನೀರು ಬಿದ್ದಾಗ ಅದು ನಿಲ್ಲದೆ ಜಾರಿಹೋಗುತ್ತದೆ. ಜಿಡ್ಡಿಗೂ ನೀರಿಗೂ ಆಗಿಬರುವುದಿಲ್ಲ. ಬವೇರಿಯಾದ ಸೋಲ್ನ್‌ಹೋಫೆನ್ ಎಂಬಲ್ಲಿ ಸಿಗುವ ನುಣುಪಾದ ಸುಣ್ಣಕಲ್ಲು ಜಿಡ್ಡನ್ನೂ ಹೀರುತ್ತದೆ, ನೀರನ್ನೂ ಹೀರುತ್ತದೆ. ಮೇಣ, ಸಾಬೂನು, ಪ್ರಾಣಿಕೊಬ್ಬು, ದೀಪದ ಕಾಡಿಗೆ ಸೇರಿಸಿ ಮಾಡಿದ ಬಳಪದಿಂದ ಚಿತ್ರಕಾರ ಆ ಕಲ್ಲಿನ ಮೇಲೆ ನೇರವಾಗಿ ಬರೆಯುತ್ತಾನೆ. ಆಮೇಲೆ ಅಚ್ಚಿನವನು ಗೋಂದು ಮತ್ತು ತೀರಾ ತೆಳುವಾದ ಆಮ್ಲವನ್ನು ಸವರಿ ಚಿತ್ರವನ್ನು ಕಲ್ಲಿನಲ್ಲಿ ನೆಲೆಗೊಳಿಸುತ್ತಾನೆ. ಕಲ್ಲನ್ನು ಒದ್ದೆ ಮಾಡಿದಾಗ ಬರೆಯದ ಜಾಗವೆಲ್ಲ ನೀರು ಕುಡಿಯುತ್ತದೆ. ಗೆರೆಯಿದ್ದಲ್ಲಿ ಜಿಡ್ಡು ನೀರನ್ನು ದೂಡುತ್ತದೆ. ಈಗ ಎಣ್ಣೆಶಾಯಿಯ ಉರುಳೆಯನ್ನು ಹೊರಳಿಸಿದರೆ ನೀರಿದ್ದಲ್ಲಿ ಶಾಯಿ ಹತ್ತುವುದಿಲ್ಲ, ಜಿಡ್ಡಿದ್ದಲ್ಲಿ ಮಾತ್ರ ಹತ್ತುತ್ತದೆ. ಕಾಗದ ಹಾಸಿ ಒತ್ತಿದರೆ ಬಳಪದ ಒಂದೊಂದು ತರಿಯೂ, ಕೈ ಒತ್ತಿದ ಒಂದೊಂದು ಕಡೆಯೂ ಹಾಗೆಯೇ ಮೂಡುತ್ತದೆ. ಎಡ ಬಲವಾಗುತ್ತದೆ ಎಂಬುದೊಂದೇ ಎಚ್ಚರ ವಹಿಸಬೇಕಾದ ಸಂಗತಿ.

ಎಂದರೆ ಚಿತ್ರಕಾರನಿಗೂ ಓದುಗನಿಗೂ ನಡುವೆ ಇದ್ದ ಕೆತ್ತನೆಗಾರ ಇಲ್ಲಿ ಮಾಯವಾದ. ಸಿಟ್ಟಿನಲ್ಲಿ ಎಳೆದ ಗೆರೆ ಸಿಟ್ಟಿನ ಗೆರೆಯಾಗಿಯೇ ಸಾವಿರ ಮನೆ ತಲುಪುತ್ತಿತ್ತು. ಕಲ್ಲಿನ ಇನ್ನೊಂದು ಗುಣವೂ ಇದೆ. ಬೇಕಾದಷ್ಟು ಪ್ರತಿ ತೆಗೆದ ಮೇಲೆ ಮರಳು ಮತ್ತು ನೀರು ಹಾಕಿ ಉಜ್ಜಿದರೆ ಚಿತ್ರ ಅಳಿಸಿಹೋಗುತ್ತದೆ, ಅದೇ ಕಲ್ಲು ಮತ್ತೊಂದು ಚಿತ್ರಕ್ಕೆ ಸಿದ್ಧವಾಗುತ್ತದೆ. ಅಳಿಸದೆ ಇಟ್ಟರೋ, ಮತ್ತೆ ಮತ್ತೆ ಪ್ರತಿ ತೆಗೆಯಬಹುದು. ಪೊಲೀಸರು ಕಲ್ಲಿನ ಹಿಂದೆ ಬಿದ್ದದ್ದು ಇದಕ್ಕೇ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈನಲ್ಲಿ ಹೊರಬಂದದ್ದೂ ಕಲ್ಲಚ್ಚಿನಲ್ಲೇ ಎಂಬುದನ್ನು ಇಲ್ಲಿ ನೆನೆಯಬೇಕು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕನ್ನಡ ಅಕ್ಷರಗಳನ್ನು ಕಲ್ಲಿನ ಮೇಲೆ ಬರೆದು ಅಚ್ಚು ಹಾಕುತ್ತಿದ್ದ ಆ ತಿಂಗಳುಗಳಲ್ಲೇ ಪ್ಯಾರಿಸ್ಸಿನಲ್ಲಿ ದೋಮಿಯೆ ತನ್ನ ಕಲ್ಲುಗಳ ಮುಂದೆ ಕುಳಿತಿದ್ದ.

ಗಾಜು ಕೂರಿಸುವವನ ಮಗ

ದೋಮಿಯೆ ಹುಟ್ಟಿದ್ದು 1808ರ ಫೆಬ್ರುವರಿ 26ರಂದು, ದಕ್ಷಿಣ ಫ್ರಾನ್ಸಿನ ಬಂದರು ಪಟ್ಟಣ ಮಾರ್ಸೆಯಲ್ಲಿ. ಅಪ್ಪ ಕಿಟಕಿಗಳಿಗೆ ಗಾಜು ಕೂರಿಸುವವನು, ಚಿತ್ರಗಳಿಗೆ ಚೌಕಟ್ಟು ಹಾಕುವವನು. ಜೊತೆಗೆ ಕವಿಯಾಗುವ ಹಂಬಲ ಇಟ್ಟುಕೊಂಡಿದ್ದವನು. ಆ ಹಂಬಲವೇ ಕುಟುಂಬವನ್ನು ಪ್ಯಾರಿಸ್ಸಿಗೆ ಎಳೆದು ತಂದಿತು. ಕವಿತೆ ಹೊಟ್ಟೆ ತುಂಬಿಸಲಿಲ್ಲ. ಮಗ ಹನ್ನೆರಡು ಹದಿಮೂರರ ವಯಸ್ಸಿಗೇ ಕೋರ್ಟಿನ ಅಮೀನನ ಹತ್ತಿರ ಓಡಾಟದ ಹುಡುಗನಾಗಿ ಸೇರಿದ. ನೋಟೀಸು ಒಯ್ಯುವುದು, ಕಾಗದ ತಲುಪಿಸುವುದು. ಕಪ್ಪು ನಿಲುವಂಗಿಯ ವಕೀಲರು ಕಕ್ಷಿದಾರನ ಮುಂದೆ ಹೇಗೆ ನಿಲ್ಲುತ್ತಾರೆ, ಅವನು ಅತ್ತ ತಿರುಗಿದೊಡನೆ ಅವರ ಮುಖ ಹೇಗೆ ಬದಲಾಗುತ್ತದೆ ಎಂಬುದನ್ನು ಆ ಹುಡುಗ ಬೇರೆಯವರಿಂದ ಕೇಳಿ ತಿಳಿಯಬೇಕಾಗಿರಲಿಲ್ಲ. ಆಮೇಲೆ ಪುಸ್ತಕದ ಅಂಗಡಿಯಲ್ಲಿ ಕೆಲಸ, ಕಲಾವಿದನೊಬ್ಬನ ಬಳಿ ಒಂದಿಷ್ಟು ಪಾಠ, ನಂತರ ಕಲ್ಲಚ್ಚಿನ ಕಸುಬು. ದೊಡ್ಡ ಕಲಾಶಾಲೆಯ ಮುದ್ರೆ ಅವನಿಗೆ ಬೀಳಲಿಲ್ಲ.

ಬೇರಿಕಾಯಿ ಮತ್ತು ಹೊಟ್ಟೆಬಾಕ ರಾಜ

1830ರ ಜುಲೈನಲ್ಲಿ ಪ್ಯಾರಿಸ್ಸಿನ ಜನ ಮೂರು ದಿನ ಬೀದಿಯಲ್ಲಿ ಹೋರಾಡಿ ಹತ್ತನೆಯ ಚಾರ್ಲ್ಸ್ ದೊರೆಯನ್ನು ಓಡಿಸಿದರು. ಗದ್ದುಗೆಗೆ ಬಂದವನು ಲೂಯಿ ಫಿಲಿಪ್. ತಾನು ಪ್ರಜೆಗಳಲ್ಲಿ ಒಬ್ಬ, ಛತ್ರಿ ಹಿಡಿದು ಬೀದಿಯಲ್ಲಿ ನಡೆಯುವ ರಾಜ ಎಂಬಂತೆ ತೋರಿಸಿಕೊಂಡವನು. ಹೊಸ ಸಂವಿಧಾನ ಪತ್ರ ಒಂದು ದೊಡ್ಡ ಮಾತು ಕೊಟ್ಟಿತು: ಪ್ರಕಟಣೆಗೆ ಮೊದಲು ಪರಿಶೀಲಿಸುವ ಸೆನ್ಸಾರ್ ಪದ್ಧತಿಯನ್ನು ಇನ್ನೆಂದೂ ಮರಳಿ ತರುವುದಿಲ್ಲ. ಆ ಮಾತನ್ನು ನಂಬಿ ಶಾರ್ಲ್ ಫಿಲಿಪೋನ್ ಎಂಬ ಚಿತ್ರಕಾರ ಮತ್ತು ಪತ್ರಿಕೋದ್ಯಮಿ ಅದೇ ನವೆಂಬರಿನಲ್ಲಿ ‘ಲಾ ಕ್ಯಾರಿಕಾತ್ಯೂರ್’ ಎಂಬ ವಾರಪತ್ರಿಕೆ ತೆರೆದ. 1832ರ ಡಿಸೆಂಬರ್ 1ರಂದು ‘ಲ ಶಾರಿವಾರಿ’ ಎಂಬ ದಿನಪತ್ರಿಕೆ ಬಂತು. ಪ್ರತಿದಿನವೂ ಒಂದು ಹೊಸ ಚಿತ್ರ! ಕಲ್ಲಚ್ಚು ಇಲ್ಲದಿದ್ದರೆ ಯಾರೂ ಕನಸು ಕಾಣದ ಸಾಹಸ ಅದು.

ಪತ್ರಿಕೆ ನಡೆಸುವುದು ಸುಲಭವಾಗಿರಲಿಲ್ಲ. ಸೆನ್ಸಾರ್ ಹೋದರೂ ಪ್ರಕಟವಾದ ಮೇಲೆ ಮೊಕದ್ದಮೆ ಹೂಡುವ ಅಧಿಕಾರ ಸರ್ಕಾರದ ಕೈಯಲ್ಲೇ ಇತ್ತು. ಪತ್ರಿಕೆ ತೆರೆಯಲು ಠೇವಣಿ ಇಡಬೇಕು. ಅಚ್ಚಾದ ಚಿತ್ರದ ಪ್ರತಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕು. ತೀರ್ಪು ವಿರುದ್ಧ ಬಂದರೆ ದಂಡ ಮತ್ತು ಜೈಲು. ಫಿಲಿಪೋನ್‌ನ ಮೇಲೂ ಒಂದರ ಮೇಲೊಂದು ಮೊಕದ್ದಮೆ ಬಿತ್ತು. 1831ರ ನವೆಂಬರಿನಲ್ಲಿ ಅವನು ಕಟಕಟೆಯಲ್ಲಿ ನಿಂತು, ಚಿತ್ರದಲ್ಲಿ ರಾಜನ ಹೋಲಿಕೆ ಇದ್ದರೆ ಅದೇ ಅಪರಾಧವಾಗುತ್ತದೆಯೇ ಎಂದು ವಾದಿಸಿದ. ವಾದಕ್ಕೆ ಸಾಕ್ಷಿಯಾಗಿ ನಾಲ್ಕು ಚಿತ್ರ ಬರೆದು ತೋರಿಸಿದ. ಮೊದಲನೆಯದರಲ್ಲಿ ದಪ್ಪ ಕೆನ್ನೆ, ಇಳಿಬಿದ್ದ ಗಲ್ಲದ ಲೂಯಿ ಫಿಲಿಪ್. ಎರಡನೆಯದರಲ್ಲಿ, ಮೂರನೆಯದರಲ್ಲಿ ಮುಖ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ನಾಲ್ಕನೆಯದು ಬರಿಯ ಒಂದು ಹಣ್ಣು. ನಮ್ಮ ಸಂತೆಗಳಲ್ಲಿ ಬೇರಿಕಾಯಿ ಎಂದು ಮಾರುತ್ತಾರಲ್ಲ, ಅದು. ಫ್ರೆಂಚರ ಆಡುಮಾತಿನಲ್ಲಿ ಆ ಹಣ್ಣಿನ ಹೆಸರಿಗೆ ಪೆದ್ದ ಎಂಬ ಅರ್ಥವೂ ಇದೆ. ಹೋಲಿಕೆಯೇ ಅಪರಾಧವಾದರೆ ಮೊದಲನೆಯದಕ್ಕೆ ಶಿಕ್ಷೆ ಕೊಟ್ಟವರು ಕೊನೆಯದಕ್ಕೂ ಕೊಡಬೇಕಾಗುತ್ತದೆ ಎಂಬುದು ಅವನ ವಾದ. ನ್ಯಾಯಾಲಯ ಒಪ್ಪಲಿಲ್ಲ, ಆರು ತಿಂಗಳ ಜೈಲು, 2,000 ಫ್ರಾಂಕ್ ದಂಡ. ಆದರೆ ಬೇರಿಕಾಯಿ ಪ್ಯಾರಿಸ್ಸಿನ ಗೋಡೆಗೋಡೆಗೂ ಹತ್ತಿತು. ಚಿತ್ರ ಬರೆಯಲು ಬಾರದ ಮಗುವೂ ಸೀಮೆಸುಣ್ಣದಲ್ಲಿ ಆ ಎರಡು ಗೆರೆ ಎಳೆಯಬಲ್ಲದು. ವ್ಯಂಗ್ಯಚಿತ್ರದ ಇತಿಹಾಸದಲ್ಲಿ ಇದಕ್ಕಿಂತ ಮಿತವ್ಯಯದ ಆವಿಷ್ಕಾರ ನನಗೆ ಕಾಣುವುದಿಲ್ಲ. 1834ರಲ್ಲಿ ತನ್ನ ವಿರುದ್ಧ ಬಂದ ತೀರ್ಪನ್ನು ಪ್ರಕಟಿಸಲೇಬೇಕಾಗಿ ಬಂದಾಗ ‘ಶಾರಿವಾರಿ’ ಆ ಅಕ್ಷರಗಳನ್ನೇ ಬೇರಿಕಾಯಿಯ ಆಕಾರದಲ್ಲಿ ಜೋಡಿಸಿ ಅಚ್ಚು ಹಾಕಿತು.

ದೋಮಿಯೆ ಈ ಗುಂಪಿಗೆ ಸೇರಿದ್ದು ಇಂಥ ಹೊತ್ತಿನಲ್ಲಿ. ಪೊಲೀಸರು ಹುಡುಕಿಬಂದ ಚಿತ್ರದ ಹೆಸರು ‘ಗಾರ್ಗಾಂತುವಾ’. ಹದಿನಾರನೆಯ ಶತಮಾನದ ಫ್ರೆಂಚ್ ಲೇಖಕ ರಾಬಲೆ ಸೃಷ್ಟಿಸಿದ ಹೊಟ್ಟೆಬಾಕ ದೈತ್ಯನ ಹೆಸರದು. ಚಿತ್ರದಲ್ಲಿ ಬೇರಿಕಾಯಿ ತಲೆಯ ಭಾರೀ ರಾಜನೊಬ್ಬ ಶೌಚದ ಪೀಠದಂಥ ಸಿಂಹಾಸನದಲ್ಲಿ ಕುಳಿತಿದ್ದಾನೆ. ನೆಲದಿಂದ ಅವನ ಬಾಯಿಗೆ ಒಂದು ಉದ್ದ ಹಲಗೆ ಏರಿಸಿದ್ದಾರೆ. ಬಡವರು ತಂದು ಸುರಿದ ಕಾಸನ್ನು ಬುಟ್ಟಿಗಳಲ್ಲಿ ಹೊತ್ತು ಕುಬ್ಜ ಮಂತ್ರಿಗಳು ಹಲಗೆಯ ಮೇಲೆ ಸಾಲಾಗಿ ಹತ್ತುತ್ತಿದ್ದಾರೆ. ಪೀಠದ ಅಡಿಯಿಂದ ಪದಕ, ಪದವಿ, ನೇಮಕಪತ್ರಗಳು ಉದುರುತ್ತಿವೆ. ಅವನ್ನು ಹೆಕ್ಕಿಕೊಂಡವರು ಶಾಸನಸಭೆಯ ಕಟ್ಟಡದ ಕಡೆಗೆ ಓಡುತ್ತಿದ್ದಾರೆ. ತೆರಿಗೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಓದು ಬಾರದವನೂ ಒಂದೇ ನೋಟದಲ್ಲಿ ತಿಳಿಯಬಹುದಾಗಿತ್ತು. ರೇಖೆಯ ದೃಷ್ಟಿಯಿಂದ ಇದು ದೋಮಿಯೆಯ ಶ್ರೇಷ್ಠ ಚಿತ್ರವಲ್ಲ. ಗಿಡಿದು ತುಂಬಿದ ವಿವರ, ಇನ್ನೂ ಹದಕ್ಕೆ ಬಾರದ ಕೈ. ಆದರೆ ಲೆಕ್ಕಪತ್ರವನ್ನು ದೇಹವಾಗಿಸುವ ಕಲ್ಪನೆ ಆಗಲೇ ಪೂರ್ತಿ ಬಲಿತಿತ್ತು.

1832ರ ಫೆಬ್ರುವರಿಯಲ್ಲಿ ತೀರ್ಪು ಬಂತು: ಆರು ತಿಂಗಳ ಜೈಲು, 500 ಫ್ರಾಂಕ್ ದಂಡ. ಶಿಕ್ಷೆ ತಕ್ಷಣ ಜಾರಿಯಾಗಲಿಲ್ಲ. ಅವನು ಬರೆಯುವುದನ್ನು ನಿಲ್ಲಿಸಲಿಲ್ಲ. ಆಗಸ್ಟಿನ ಕೊನೆಗೆ ಬಂಧಿಸಿ ಸಾಂತ್ ಪೆಲಾಜಿ ಜೈಲಿಗೆ ಹಾಕಿದರು. ಅವಧಿಯ ಕೊನೆಯ ತಿಂಗಳುಗಳನ್ನು ಒಂದು ಮಾನಸಿಕ ಚಿಕಿತ್ಸಾಲಯದಲ್ಲಿ ಕಳೆದು, 1833ರ ಆರಂಭದಲ್ಲಿ ಹೊರಬಂದ.

ಮಣ್ಣಿನಿಂದ ಕಲ್ಲಿಗೆ

ಈ ವರ್ಷಗಳಲ್ಲೇ ಅವನ ಗೆರೆಗೆ ತೂಕ ಬಂತು. ಅದಕ್ಕೆ ಕಾರಣ ಹಸಿ ಮಣ್ಣು. ಫಿಲಿಪೋನ್‌ನ ಸೂಚನೆಯಂತೆ ದೋಮಿಯೆ ಶಾಸನಸಭೆಯ ಸದಸ್ಯರ ಸಣ್ಣ ಸಣ್ಣ ತಲೆಗಳನ್ನು ಮಣ್ಣಿನಲ್ಲಿ ಮಾಡಿ ಬಣ್ಣ ಹಚ್ಚತೊಡಗಿದ. ಸುಡದ ಮಣ್ಣು, ಆದರೂ ಅವುಗಳಲ್ಲಿ 36 ಇಂದಿಗೂ ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ. ಎದುರಿಗೆ ಮಾದರಿಯನ್ನು ಕೂರಿಸಿಕೊಂಡು ಬರೆಯುವವನಲ್ಲ ಅವನು. ನೋಡುವುದು, ನೆನಪಿನಲ್ಲಿಟ್ಟುಕೊಳ್ಳುವುದು, ಬಂದು ಬೆರಳಲ್ಲಿ ಮಣ್ಣನ್ನು ಒತ್ತುವುದು. ಕಲ್ಲಿನ ಮೇಲೆ ಬರೆಯುವಾಗ ಬೆಳಕು ಆ ಮೂಗಿನ ಮೇಲೆ ಎಲ್ಲಿ ಬೀಳುತ್ತದೆ, ಆ ಹೊಟ್ಟೆಯ ನೆರಳು ಎಲ್ಲಿ ಹರಿಯುತ್ತದೆ ಎಂಬುದು ಬೆರಳಿಗೇ ಗೊತ್ತಿರುತ್ತಿತ್ತು. 1834ರ ‘ಶಾಸಕಾಂಗದ ಹೊಟ್ಟೆ’ ಎಂಬ ಚಿತ್ರದಲ್ಲಿ ಸಭೆಯ ಬೆಂಚುಗಳ ಮೇಲೆ ಸಾಲು ಸಾಲಾಗಿ ಕುಳಿತವರನ್ನು ನೋಡಿ. ಒಬ್ಬ ತೂಕಡಿಸುತ್ತಿದ್ದಾನೆ, ಒಬ್ಬ ಮೂಗು ಸೀಟುತ್ತಿದ್ದಾನೆ. ಯಾರ ಮುಖವನ್ನೂ ವಿಪರೀತವಾಗಿ ತಿರುಚಿಲ್ಲ. ಅವರೆಲ್ಲ ಗಟ್ಟಿ ದೇಹಗಳು, ಎದ್ದು ಬಂದರೆ ಕುರ್ಚಿ ಕಿರುಗುಟ್ಟೀತು ಎನ್ನಿಸುವಷ್ಟು ಗಟ್ಟಿ.

ದಂಡ ಕಟ್ಟಲು ಫಿಲಿಪೋನ್ ಒಂದು ಉಪಾಯ ಹೂಡಿದ್ದ. ಚಂದಾದಾರರಿಗೆ ತಿಂಗಳಿಗೊಂದು ದೊಡ್ಡ ಅಳತೆಯ ಕಲ್ಲಚ್ಚಿನ ಚಿತ್ರ ಕೊಡುವುದು, ಆ ಹಣದಿಂದ ಮೊಕದ್ದಮೆಗಳ ಖರ್ಚು ತೂಗಿಸುವುದು. ಹೀಗೆ ಬಂದದ್ದು 24 ಚಿತ್ರ. ಅವುಗಳಲ್ಲಿ ಕೊನೆಯದು ‘ತ್ರಾನ್ಸ್‌ನೊನೆಂ ಬೀದಿ, 15 ಏಪ್ರಿಲ್ 1834’.

ಆ ಏಪ್ರಿಲಿನಲ್ಲಿ ಲಿಯೋಂ ಪಟ್ಟಣದ ರೇಷ್ಮೆ ನೇಕಾರರು ದಂಗೆ ಎದ್ದಿದ್ದರು. ಅದರ ಕಿಡಿ ಪ್ಯಾರಿಸ್ಸಿಗೂ ಹಾರಿತು. ಕಾರ್ಮಿಕರು ವಾಸಿಸುವ ತ್ರಾನ್ಸ್‌ನೊನೆಂ ಬೀದಿಯ 12ನೆಯ ಸಂಖ್ಯೆಯ ಮನೆಯಿಂದ ಗುಂಡು ಹಾರಿತೆಂದು ಸೈನಿಕರು ಒಳನುಗ್ಗಿ, ಕೋಣೆ ಕೋಣೆಗೆ ಹೋಗಿ ನಿವಾಸಿಗಳನ್ನು ಕೊಂದರು. ದೋಮಿಯೆ ಸೈನಿಕರನ್ನು ಬರೆಯಲಿಲ್ಲ. ಬಂದೂಕು, ಹೊಗೆ, ಯಾವುದೂ ಇಲ್ಲ. ಕೊಲೆ ಮುಗಿದಿದೆ. ಮಲಗುವ ಅಂಗಿ, ರಾತ್ರಿ ಟೋಪಿ ತೊಟ್ಟ ಗಂಡಸೊಬ್ಬ ಹಾಸಿಗೆಯಿಂದ ಜಾರಿ ಮಂಚಕ್ಕೆ ಒರಗಿ ಸತ್ತು ಬಿದ್ದಿದ್ದಾನೆ. ಅವನ ಬೆನ್ನಿನಡಿ ಒಂದು ಮಗು, ಅದರ ತಲೆಯಿಂದ ರಕ್ತ. ಎಡಗಡೆ ಕತ್ತಲಲ್ಲಿ ಒಬ್ಬ ಹೆಂಗಸು. ಬಲ ಅಂಚಿನಲ್ಲಿ ಮುದುಕನೊಬ್ಬನ ತಲೆ ಮಾತ್ರ ಕಾಣುತ್ತದೆ. ಉರುಳಿಬಿದ್ದ ಕುರ್ಚಿ. ಹಾಸಿಗೆಯ ಬಟ್ಟೆಯ ಬಿಳುಪು ಬಿಳಿ ಬಣ್ಣವಲ್ಲ, ಬಳಪ ಮುಟ್ಟದೆ ಬಿಟ್ಟ ಬರಿಯ ಕಾಗದ. ಅಡಿಬರಹದಲ್ಲಿ ಬೀದಿಯ ಹೆಸರು, ತಾರೀಖು. ಬೈಗುಳವಿಲ್ಲ, ಗೋಳಾಟವಿಲ್ಲ, ಬೇರಿಕಾಯಿಯೂ ಇಲ್ಲ. ನಾನು ಎಷ್ಟು ಸಲ ನೋಡಿದರೂ ಮೊದಲು ಕಣ್ಣಿಗೆ ಬೀಳುವುದು ಆ ಗಂಡಸಿನ ಬತ್ತಲೆ ಕಾಲು, ಆಮೇಲೆಯೇ ಮಗು. ಮಗುವನ್ನು ನಾವು ತಡವಾಗಿ ಕಾಣುವಂತೆ ಅವನು ಚಿತ್ರವನ್ನು ಕಟ್ಟಿದ್ದಾನೆ. ಪೊಲೀಸರು ಪ್ರತಿಗಳನ್ನು ಹುಡುಕಿ ಹುಡುಕಿ ನಾಶಮಾಡಿದರು. ಚಂದಾದಾರರ ಮನೆ ಸೇರಿದ್ದ ಕೆಲವು ಉಳಿದುಕೊಂಡವು.

ಮಾತು ಬೇರೆ, ಚಿತ್ರ ಬೇರೆ

1835ರ ಜುಲೈ 28ರಂದು ಫಿಯೆಸ್ಕಿ ಎಂಬಾತ ಹಲವು ನಳಿಗೆಗಳನ್ನು ಜೋಡಿಸಿದ ಯಂತ್ರದಿಂದ ರಾಜನ ಮೆರವಣಿಗೆಯ ಮೇಲೆ ಗುಂಡು ಹಾರಿಸಿದ. ರಾಜ ಬದುಕಿದ, 18 ಮಂದಿ ಸತ್ತರು. ಪತ್ರಿಕೆಗಳ ಬಾಯಿ ಕಟ್ಟಲು ಕಾದಿದ್ದವರಿಗೆ ಇದೇ ಸಂದರ್ಭ ಒದಗಿತು. ಸೆಪ್ಟೆಂಬರಿನಲ್ಲಿ ಬಂದ ಕಾನೂನುಗಳು ದಂಡವನ್ನೂ ಠೇವಣಿಯನ್ನೂ ಏರಿಸಿದವು. ಅದಕ್ಕಿಂತ ಮುಖ್ಯವಾಗಿ, ಮುಂಚಿತವಾಗಿ ಅನುಮತಿ ಪಡೆಯದೆ ಯಾವ ಚಿತ್ರವನ್ನೂ ಪ್ರಕಟಿಸುವಂತಿಲ್ಲ ಎಂದವು.

ಸೆನ್ಸಾರ್ ಇನ್ನೆಂದೂ ಇಲ್ಲ ಎಂದು ಐದು ವರ್ಷದ ಹಿಂದೆ ಕೊಟ್ಟ ಮಾತಿನ ಗತಿ ಏನು? ಸರ್ಕಾರ ಅದಕ್ಕೊಂದು ವಾದ ಹೊಸೆದಿತು. ಸಂವಿಧಾನ ಪತ್ರ ರಕ್ಷಿಸುವುದು ಅಭಿಪ್ರಾಯವನ್ನು. ಅಭಿಪ್ರಾಯ ಅಕ್ಷರದಲ್ಲಿರುತ್ತದೆ, ಬುದ್ಧಿಯೊಡನೆ ಮಾತಾಡುತ್ತದೆ. ಚಿತ್ರ ಹಾಗಲ್ಲ. ಅದು ಕಣ್ಣಿಗೆ ತಾಗುತ್ತದೆ, ಅದೊಂದು ಕೃತ್ಯ. ಕೃತ್ಯಕ್ಕೆ ಆ ರಕ್ಷಣೆ ಅನ್ವಯಿಸುವುದಿಲ್ಲ. ವಾದ ಕುಟಿಲವಾದದ್ದು, ಆದರೆ ಅದರ ಹಿಂದಿನ ಭಯಕ್ಕೆ ಆಧಾರವಿತ್ತು. ಪತ್ರಿಕೆಯ ಚಂದಾ ಕೂಲಿಕಾರನ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಆದರೆ ಒಬೆರ್‌ನ ಅಂಗಡಿಯ ಗಾಜಿನ ಹಿಂದೆ ಅದೇ ಚಿತ್ರವನ್ನು ತೂಗುಹಾಕಿದರೆ ಮುಂದೆ ನಿಂತು ನೋಡಲು ಕಾಸು ಬೇಕಿಲ್ಲ, ಅಕ್ಷರವೂ ಬೇಕಿಲ್ಲ. ಓದುವವನು ಮನೆಯಲ್ಲಿ ಒಬ್ಬನೇ ಓದುತ್ತಾನೆ. ಅಂಗಡಿಯ ಮುಂದೆ ನಿಂತವರು ಗುಂಪಾಗಿ ನಗುತ್ತಾರೆ. ಇಡೀ ದೇಶದಲ್ಲಿ ಮತದಾನದ ಹಕ್ಕಿದ್ದವರು ಎರಡು ಲಕ್ಷದ ಆಸುಪಾಸು, ಆಸ್ತಿವಂತ ಗಂಡಸರು ಮಾತ್ರ. ಉಳಿದವರೆಲ್ಲ ಒಟ್ಟಾಗಿ ನಗಲು ಒಂದು ಜಾಗ ಸಿಕ್ಕಿದ್ದೇ ಸರ್ಕಾರಕ್ಕೆ ಸಹಿಸಲಾಗದ ಸಂಗತಿಯಾಗಿತ್ತು.

‘ಲಾ ಕ್ಯಾರಿಕಾತ್ಯೂರ್’ ಮುಚ್ಚಿತು. ‘ಶಾರಿವಾರಿ’ ಉಳಿಯಿತು, ಆದರೆ ರಾಜಕಾರಣಿಗಳ ಮುಖ ಬರೆಯುವಂತಿರಲಿಲ್ಲ. ಸರ್ಕಾರ ಚಾಪೆಯ ಕೆಳಗೆ ನುಸುಳಿದರೆ ದೋಮಿಯೆ ರಂಗೋಲಿಯ ಕೆಳಗೆ ನುಸುಳಿದ. ವ್ಯಕ್ತಿಯನ್ನು ಬರೆಯುವಂತಿಲ್ಲವೇ? ಹಾಗಾದರೆ ಬಗೆಯನ್ನು ಬರೆಯುತ್ತೇನೆ. ರಂಗಭೂಮಿಯಲ್ಲಿ ಫ್ರೆದೆರಿಕ್ ಲಮೇತ್ರ್ ಎಂಬ ನಟ ಜನಪ್ರಿಯಗೊಳಿಸಿದ್ದ ರೊಬೆರ್ ಮಕೇರ್ ಎಂಬ ಠಕ್ಕನ ಪಾತ್ರವನ್ನು ಎತ್ತಿಕೊಂಡು 1836ರಿಂದ 1838ರವರೆಗೆ ನೂರು ಚಿತ್ರ ಬರೆದ. ಅಡಿಬರಹ ಫಿಲಿಪೋನ್‌ನದು. ಹರಕು ಕೋಟು, ಕಣ್ಣಿನ ಮೇಲಿಳಿದ ಟೋಪಿಯ ಮಕೇರ್ ಒಮ್ಮೆ ಷೇರು ಮಾರುತ್ತಾನೆ, ಒಮ್ಮೆ ವಕೀಲ, ಒಮ್ಮೆ ವೈದ್ಯ, ಒಮ್ಮೆ ಪತ್ರಿಕಾ ಸಂಸ್ಥಾಪಕ. ಪಕ್ಕದಲ್ಲಿ ಪೆಚ್ಚುಮೋರೆಯ ಬೆರ್ತ್ರಾನ್ ಎಂಬ ಜೊತೆಗಾರ. ದುಡ್ಡು ಮಾಡುವುದೇ ಪುರುಷಾರ್ಥವೆಂದು ಸಾರುವ ಆಳ್ವಿಕೆಯಲ್ಲಿ ಠಕ್ಕ ಯಾವ ವೇಷವನ್ನಾದರೂ ತೊಡಬಲ್ಲ ಎಂಬುದೇ ಚಿತ್ರಮಾಲಿಕೆಯ ತಿರುಳು. ಯಾವ ಮಂತ್ರಿಯ ಮುಖವೂ ಅದರಲ್ಲಿರಲಿಲ್ಲ. ಎಲ್ಲ ಮಂತ್ರಿಗಳೂ ಇದ್ದರು.

ಮುಂದಿನ ಹತ್ತು ವರ್ಷಗಳಲ್ಲಿ ಮಾಲಿಕೆಗಳ ಮೇಲೆ ಮಾಲಿಕೆ ಬಂದವು. ಗ್ರೀಕ್ ರೋಮನ್ ವೀರರನ್ನು ಡೊಳ್ಳು ಹೊಟ್ಟೆಯ ಮಧ್ಯವಯಸ್ಕರನ್ನಾಗಿ ಇಳಿಸಿದ ‘ಪ್ರಾಚೀನ ಇತಿಹಾಸ’, ಮನೆಮಾಲೀಕರು ಮತ್ತು ಬಾಡಿಗೆದಾರರು, ನದಿಯಲ್ಲಿ ಮೀಯುವವರು, ರೈಲಿನಲ್ಲಿ ನೂಕಾಡುವವರು. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಮೇಲೆನ್ನಿಸುವುದು 1845ರಿಂದ 1848ರವರೆಗೆ ಬಂದ ‘ನ್ಯಾಯದ ಮಂದಿ’. ಗಾಳಿ ತುಂಬಿದ ಕಪ್ಪು ನಿಲುವಂಗಿ, ಎತ್ತಿದ ತೋಳು, ಗದ್ಗದವನ್ನು ನಟಿಸುವ ಗಂಟಲು. ಬೆಂಚಿನಲ್ಲಿ ನಿದ್ದೆಹೋದ ನ್ಯಾಯಾಧೀಶ. ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುವ ವಿಧವೆ. ಅಮೀನನ ಹತ್ತಿರ ಓಡಾಡಿದ ಹುಡುಗ ಏನನ್ನೂ ಮರೆತಿರಲಿಲ್ಲ.

ಇದೇ ವರ್ಷಗಳ ಆಸುಪಾಸಿನಲ್ಲಿ ಅವನು ಸಾಹಿತ್ಯ ಬರೆಯುವ ಹೆಂಗಸರನ್ನೂ, ಸಮಾಜವಾದಿ ಹೆಂಗಸರನ್ನೂ, ವಿಚ್ಛೇದನದ ಹಕ್ಕು ಕೇಳಿದವರನ್ನೂ ಗೇಲಿ ಮಾಡಿದ್ದಾನೆ. ಮಗು ತೊಟ್ಟಿಗೆ ಬಿದ್ದರೂ ಕಾಣದೆ ಕಾವ್ಯ ಬರೆಯುವ ತಾಯಿ ಇಂಥದೊಂದು ಚಿತ್ರ. ಕೈಚಳಕ ಎಲ್ಲ ಚಿತ್ರಗಳಂತೆ ಇಲ್ಲಿಯೂ ಇದೆ; ನೋಟ ಮಾತ್ರ ಅವನ ಕಾಲದ ಗಂಡಸರ ಸಾಮಾನ್ಯ ನೋಟ. ಅಧಿಕಾರವಿಲ್ಲದವರ ಕಡೆ ನಿಂತವನು ಇಲ್ಲಿ ಆ ಕಡೆ ನಿಲ್ಲಲಿಲ್ಲ. ಅವನನ್ನು ಪ್ರೀತಿಸುವವರು ಇದನ್ನು ಮುಚ್ಚಿಡಬಾರದು.

ಅಡಿಬರಹಗಳ ಬಗ್ಗೆ ಒಂದು ವಿಷಯ ತಿಳಿದಿರಬೇಕು. ಬಹುಪಾಲು ಅಡಿಬರಹ ಪತ್ರಿಕೆಯ ಕಚೇರಿಯಲ್ಲಿ ಬೇರೆಯವರು ಬರೆದದ್ದು. ದೋಮಿಯೆ ಕಲ್ಲಿನ ಮೇಲೆ ಇಬ್ಬರು ಮಾತಾಡುತ್ತಿರುವಂತೆ ಬರೆದು ಕಳಿಸುತ್ತಿದ್ದ. ಅವರು ಏನು ಮಾತಾಡಿದರು ಎಂಬುದನ್ನು ಇನ್ನೊಬ್ಬರು ಹೊಂದಿಸುತ್ತಿದ್ದರು. ಹಾಗಾಗಿ ಅವನ ಚಿತ್ರವನ್ನು ನೋಡುವಾಗ ಮೊದಲು ಅಡಿಬರಹವನ್ನು ಕೈಯಿಂದ ಮುಚ್ಚಿ ನೋಡುವುದು ಒಳ್ಳೆಯ ಕ್ರಮ. ಭುಜ, ಬೆನ್ನು, ಕುತ್ತಿಗೆ ಎಲ್ಲವನ್ನೂ ಹೇಳಿಬಿಟ್ಟಿರುತ್ತವೆ.

ಗಣರಾಜ್ಯ, ರಾತಪ್ವಾಲ್, ನಿರುದ್ಯೋಗ

1846ರಲ್ಲಿ ಅವನು ಅಲೆಕ್ಸಾಂದ್ರೀನ್ ದಸ್ಸಿ ಎಂಬ ಹೊಲಿಗೆ ಕೆಲಸದವಳನ್ನು ಮದುವೆಯಾದ. ಸೇನ್ ನದಿಯ ನಡುವಿನ ಸೇಂಟ್ ಲೂಯಿ ದ್ವೀಪದಲ್ಲಿ, ಆಂಜು ದಂಡೆಯ ಮನೆಯೊಂದರಲ್ಲಿ ಸಂಸಾರ. ಕಿಟಕಿಯ ಕೆಳಗೆ ನದಿ. ದಂಡೆಯ ಮೆಟ್ಟಿಲು ಹತ್ತಿ ಬಟ್ಟೆಯ ಗಂಟು ಹೊತ್ತು ಬರುವ ಅಗಸಗಿತ್ತಿಯರು. ಆ ಹೆಂಗಸರು ಮುಂದೆ ಅವನ ವರ್ಣಚಿತ್ರಗಳಿಗೆ ಬಂದರು.

1848ರ ಫೆಬ್ರುವರಿಯಲ್ಲಿ ಲೂಯಿ ಫಿಲಿಪ್ ಓಡಿಹೋದ. ಹೊಸ ಗಣರಾಜ್ಯ ತನ್ನ ಸಂಕೇತವಾಗಬಲ್ಲ ಚಿತ್ರಕ್ಕಾಗಿ ಸ್ಪರ್ಧೆ ಏರ್ಪಡಿಸಿತು. ದೋಮಿಯೆ ಸಿಂಹಾಸನವನ್ನಾಗಲಿ ಕತ್ತಿಯನ್ನಾಗಲಿ ಬರೆಯಲಿಲ್ಲ. ಗಟ್ಟಿಮುಟ್ಟಾದ ತಾಯಿಯೊಬ್ಬಳು ಕೈಯಲ್ಲಿ ಧ್ವಜ ಹಿಡಿದು ಕುಳಿತಿದ್ದಾಳೆ; ಇಬ್ಬರು ಬಲಿಷ್ಠ ಮಕ್ಕಳು ಮೊಲೆಯುಣ್ಣುತ್ತಿದ್ದಾರೆ, ಮೂರನೆಯವನು ಕಾಲಬುಡದಲ್ಲಿ ಪುಸ್ತಕ ಓದುತ್ತಿದ್ದಾನೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದ ಇಪ್ಪತ್ತರಲ್ಲಿ ಅದೂ ಒಂದು. ದೊಡ್ಡ ಅಳತೆಯಲ್ಲಿ ಮುಗಿಸಿಕೊಡಬೇಕಿತ್ತು, ಅವನು ಮುಗಿಸಲಿಲ್ಲ. ಉಳಿದಿರುವುದು ಆ ಕರಡು ಮಾತ್ರ. ಜನರನ್ನು ಉಣಿಸುವ, ಓದಿಸುವ ರಾಜ್ಯ ಎಂಬ ಈ ಚಿತ್ರವನ್ನು ಜನರನ್ನು ನುಂಗುವ ಗಾರ್ಗಾಂತುವಾ ಪಕ್ಕದಲ್ಲಿಟ್ಟು ನೋಡಿದರೆ ಅವನ ರಾಜಕೀಯವನ್ನು ಬೇರೆ ವಿವರಿಸಬೇಕಾಗಿಲ್ಲ.

ಆ ಗಣರಾಜ್ಯ ಐದು ವರ್ಷವೂ ಬಾಳಲಿಲ್ಲ. ಅಧ್ಯಕ್ಷನಾಗಿ ಗೆದ್ದ ಲೂಯಿ ನೆಪೋಲಿಯನ್ ಚಕ್ರವರ್ತಿಯಾಗಲು ಹವಣಿಸುತ್ತಿದ್ದಾಗ ದೋಮಿಯೆ ಹೊಸ ಬಗೆಯೊಂದನ್ನು ಹುಟ್ಟಿಸಿದ: ರಾತಪ್ವಾಲ್. ಸೊರಗಿದ ಮೈ, ಚೂಪು ಮೀಸೆ, ಸೊಟ್ಟ ಟೋಪಿ, ಊರುಗೋಲಿಗಿಂತ ದೊಣ್ಣೆಯಂತೆ ಕಾಣುವ ಕೋಲು. ಸಭೆಗಳಲ್ಲಿ ಜೈಕಾರ ಕೂಗಿಸುವ, ಎದುರು ಮಾತಾಡಿದವನನ್ನು ಬಡಿಯುವ ಬಾಡಿಗೆ ಬಂಟ. ಅವನನ್ನು ಶಿಲ್ಪವಾಗಿಯೂ ಮಾಡಿದ, ಸುಮಾರು ಒಂದೂವರೆ ಅಡಿ ಎತ್ತರದ್ದು. 1851ರ ಡಿಸೆಂಬರ್ 2ರಂದು ಲೂಯಿ ನೆಪೋಲಿಯನ್ ಸಭೆಯನ್ನು ವಿಸರ್ಜಿಸಿ ಅಧಿಕಾರ ಕಸಿದುಕೊಂಡ ಮೇಲೆ ಆ ಶಿಲ್ಪ ಬಚ್ಚಿಡಬೇಕಾದ ವಸ್ತುವಾಯಿತು. ಚಿತ್ರಗಳ ಮೇಲೆ ಮತ್ತೆ ಸೆನ್ಸಾರ್ ಬಂತು. ದೋಮಿಯೆ ಮತ್ತೆ ಬೀದಿ, ಕೊಡೆ, ಮಳೆ, ರಂಗಮಂದಿರಗಳಿಗೆ ಮರಳಿದ.

1860ರಲ್ಲಿ ‘ಶಾರಿವಾರಿ’ ಅವನನ್ನು ಕೈಬಿಟ್ಟಿತು. ಆಗ ವಯಸ್ಸು 52. ಮೂವತ್ತು ವರ್ಷ ಕಲ್ಲಿನಿಂದ ಬಂದ ಕೂಲಿಯಲ್ಲೇ ಬದುಕಿದವನಿಗೆ ಅದು ದೊಡ್ಡ ಪೆಟ್ಟು. ಆದರೆ ಆ ಮೂರು ವರ್ಷಗಳ ಬಿಡುವಿನಲ್ಲಿ ಅವನು ಬಣ್ಣಗಳ ಕಡೆ ಪೂರ್ತಿ ತಿರುಗಿದ. ಈಗ ನ್ಯೂಯಾರ್ಕಿನ ಮೆಟ್ರ‍ೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ ‘ಮೂರನೆಯ ದರ್ಜೆಯ ಡಬ್ಬಿ’ ಈ ಕಾಲದ್ದು. ಮಗುವಿಗೆ ಹಾಲೂಡಿಸುವ ತಾಯಿ, ಬುಟ್ಟಿಯ ಮೇಲೆ ಕೈ ಜೋಡಿಸಿ ಕುಳಿತ ಮುದುಕಿ, ನಿದ್ದೆಹೋದ ಹುಡುಗ. ಯಾರೂ ಯಾರನ್ನೂ ನೋಡುತ್ತಿಲ್ಲ. ಚಿತ್ರ ಪೂರ್ತಿಯಾಗಿಲ್ಲ, ಅಳತೆಗೆಂದು ಎಳೆದ ಚೌಕಗಳ ಗೆರೆ ಬಣ್ಣದಡಿ ಇನ್ನೂ ಕಾಣುತ್ತದೆ. ಸ್ಪ್ಯಾನಿಷ್ ಕಾದಂಬರಿಯ ನಾಯಕ ದಾನ್ ಕ್ವಿಕ್ಸೋಟನನ್ನು ಈ ವರ್ಷಗಳಲ್ಲಿಯೂ ಮತ್ತೆ ಮತ್ತೆ ಬರೆದ. ಅವನ ವರ್ಣಚಿತ್ರಗಳನ್ನು ಕೊಳ್ಳುವವರು ಬೆರಳೆಣಿಕೆಯಷ್ಟೇ. ಗೆಳೆಯರು ಮಾತ್ರ ಅವನ ಬೆಲೆ ತಿಳಿದಿದ್ದರು. ಲಂಕೇಶರ ಅನುವಾದದ ಮೂಲಕ ಕನ್ನಡಿಗರಿಗೆ ಪರಿಚಿತನಾದ ಕವಿ ಬೋದಿಲೇರ್ 1857ರಲ್ಲೇ, ದೋಮಿಯೆ ವ್ಯಂಗ್ಯಚಿತ್ರದಲ್ಲಷ್ಟೇ ಅಲ್ಲ, ಆಧುನಿಕ ಕಲೆಯಲ್ಲೇ ಅತ್ಯಂತ ಮುಖ್ಯರಾದವರಲ್ಲಿ ಒಬ್ಬ ಎಂದು ಬರೆದಿದ್ದ.

1863ರ ಕೊನೆಗೆ ‘ಶಾರಿವಾರಿ’ ಮರಳಿ ಕರೆಯಿತು. ಸೆನ್ಸಾರಿನ ಹಿಡಿತ ಸಡಿಲವಾದಂತೆ ಅವನು ಯುರೋಪಿನ ಯುದ್ಧೋನ್ಮಾದದ ಕಡೆ ಕಣ್ಣು ಹೊರಳಿಸಿದ. ಬಂದೂಕುಗಳ ಚೂರಿಮೊನೆಗಳ ಮೇಲೆ ತೂಗಾಡುವ ಭೂಗೋಳ, ಶಸ್ತ್ರಗಳ ಭಾರಕ್ಕೆ ಕುಸಿಯುವ ಶಾಂತಿದೇವತೆ. ಈ ಹೊತ್ತಿಗೆ ಗೆರೆ ಬದಲಾಗಿತ್ತು. ಹಳೆಯ ನಯವಾದ ನೆರಳುಬೆಳಕು ಹೋಗಿ ಕೆಲವೇ ಎಳೆತ, ಅಲುಗಾಡುವ ಬಾಹ್ಯರೇಖೆ, ತುಂಬ ಬಿಳಿ ಜಾಗ. 1870ರಲ್ಲಿ ಸರ್ಕಾರ ಕೊಡಲು ಬಂದ ಲೀಜನ್ ಆಫ್ ಆನರ್ ಪದಕವನ್ನು ಸದ್ದಿಲ್ಲದೆ ನಿರಾಕರಿಸಿದ. ಅದೇ ವರ್ಷ ಪ್ರಶ್ಯದೊಡನೆ ಯುದ್ಧ, ಸೋಲು, ಸಾಮ್ರಾಜ್ಯದ ಪತನ. ಅಕ್ಟೋಬರಿನಲ್ಲಿ ಅವನು ಸುಟ್ಟು ಕರಕಲಾದ ಮನೆಗಳು, ನೆಲದಲ್ಲಿ ಹೆಣಗಳು ಇರುವ ಒಂದು ಚಿತ್ರ ಬರೆದ. ಅಡಿಬರಹ ‘ಸಾಮ್ರಾಜ್ಯವೆಂದರೆ ಶಾಂತಿ’. ಹದಿನೆಂಟು ವರ್ಷ ಹಿಂದೆ ಲೂಯಿ ನೆಪೋಲಿಯನ್ ಭಾಷಣದಲ್ಲಿ ಆಡಿದ ಮಾತದು, ಒಂದಕ್ಷರವನ್ನೂ ಬದಲಿಸಿಲ್ಲ. ಜನವರಿಯಲ್ಲಿ ಬಂದದ್ದು ಇನ್ನೂ ಘೋರ. ಹೊಸ ವರ್ಷ 1871 ಮುಸುಕು ಹಾಕಿದ ಹೆಂಗಸಾಗಿ ಬಂದು, ಹಳೆಯ ವರ್ಷ ಬಿಟ್ಟುಹೋದ ಹೆಣಗಳ ಬಯಲನ್ನು ಕಂಡು ಮುಖ ಮುಚ್ಚಿಕೊಳ್ಳುತ್ತಾಳೆ. ತ್ರಾನ್ಸ್‌ನೊನೆಂ ಬೀದಿಯ ಕೋಣೆ ಈಗ ದಿಗಂತದವರೆಗೆ ಹಬ್ಬಿತ್ತು.

ಅವನ ಕಡೆಯ ಕಲ್ಲಚ್ಚಿನ ಚಿತ್ರಗಳು 1872ರವು. ಕಣ್ಣು ಮಂಜಾಗಿತ್ತು. ಪ್ಯಾರಿಸ್ಸಿನ ಉತ್ತರಕ್ಕಿರುವ ವಾಲ್ಮೊಂದ್ವಾ ಎಂಬ ಹಳ್ಳಿಯ ಮನೆ ಕೈತಪ್ಪದಂತೆ ನೆರವಾದವನು ಭೂದೃಶ್ಯಗಳ ಚಿತ್ರಕಾರ, ಗೆಳೆಯ ಕೊರೊ. ಸರ್ಕಾರದಿಂದ ಒಂದು ಸಣ್ಣ ಪಿಂಚಣಿ ಬಂತು. 1878ರಲ್ಲಿ ಗೆಳೆಯರು ಸೇರಿ ದ್ಯುರಾಂ-ರುಯೆಲ್ ಗ್ಯಾಲರಿಯಲ್ಲಿ ಅವನ ವರ್ಣಚಿತ್ರಗಳ ಪ್ರದರ್ಶನ ಏರ್ಪಡಿಸಿದರು. ವಿಕ್ಟರ್ ಹ್ಯೂಗೊ ಗೌರವಾಧ್ಯಕ್ಷ. ಪ್ಯಾರಿಸ್ಸಿಗೆ ಪ್ಯಾರಿಸ್ಸೇ ಆ ಬೇಸಿಗೆಯಲ್ಲಿ ವಿಶ್ವಮೇಳದ ಕಡೆ ಹೋಗಿತ್ತು. ಇಲ್ಲಿ ಖರ್ಚೂ ಹುಟ್ಟಲಿಲ್ಲ. 1879ರ ಫೆಬ್ರುವರಿಯಲ್ಲಿ ವಾಲ್ಮೊಂದ್ವಾದಲ್ಲಿ ಅವನು ತೀರಿಕೊಂಡ. ಮರುವರ್ಷ ಅವನ ಅವಶೇಷವನ್ನು ಪ್ಯಾರಿಸ್ಸಿನ ಪೆರ್ ಲಾಷೇಸ್ ಸ್ಮಶಾನಕ್ಕೆ ತಂದು, ಕೊರೊನ ಸಮಾಧಿಯ ಹತ್ತಿರ ಮಣ್ಣು ಮಾಡಿದರು.

ನಲವತ್ತು ವರ್ಷದಲ್ಲಿ ಅವನು ಬರೆದ ಕಲ್ಲಚ್ಚಿನ ಚಿತ್ರಗಳು ಸುಮಾರು 4,000. ಚಿತ್ರಕಾರ ಡೆಗಾ ಅವುಗಳಲ್ಲಿ ಸಾವಿರಕ್ಕೂ ಹೆಚ್ಚನ್ನು ಕೂಡಿಹಾಕಿದ್ದ. ಕಲ್ಲುಗಳು ಮಾತ್ರ ಹೆಚ್ಚಾಗಿ ಉಳಿದಿಲ್ಲ. ಪೊಲೀಸರು ನಾಶಮಾಡದವುಗಳಲ್ಲಿ ಬಹುಪಾಲನ್ನು ಅಚ್ಚಿನಮನೆಯವರೇ ಮರಳು ಹಾಕಿ ಉಜ್ಜಿ ಮುಂದಿನ ಚಿತ್ರಕ್ಕೆ ಬಳಸಿಕೊಂಡರು. ಪ್ರತಿಗಳಲ್ಲಿ ಎರಡು ಬಗೆ. ಸಂಗ್ರಾಹಕರಿಗೆಂದು ಒಳ್ಳೆಯ ಬಿಳಿ ಕಾಗದದಲ್ಲಿ ಮೊದಲು ತೆಗೆದವು ಕೆಲವು. ಇವಕ್ಕೆ ಬೆಲೆ ಜಾಸ್ತಿ. ಉಳಿದವು ಪತ್ರಿಕೆಯೊಳಗೆ ಹೋದವು. ‘ಶಾರಿವಾರಿ’ಯ ನಾಲ್ಕು ಪುಟಗಳಲ್ಲಿ ಚಿತ್ರದ ಜಾಗ ಮೂರನೆಯ ಪುಟ, ಅದೇ ಹಾಳೆ ಅಕ್ಷರಕ್ಕೊಮ್ಮೆ, ಚಿತ್ರಕ್ಕೊಮ್ಮೆ ಎರಡು ಬಗೆಯ ಯಂತ್ರಗಳಡಿ ಹಾಯಬೇಕಾಗಿತ್ತು. ನನಗೆ ಪ್ರಿಯವಾದವು ಈ ಎರಡನೆಯ ಬಗೆಯವು. ತೆಳು ಕಾಗದ, ಮಾಸಿದ ಅಂಚು. ಬೆಳಕಿಗೆ ಹಿಡಿದರೆ ವಕೀಲನ ನಿಲುವಂಗಿಯ ಕಪ್ಪಿನ ಪಕ್ಕ, ಅವನು ಬಳಪ ತಾಗಿಸದೆ ಬಿಟ್ಟ ಬಿಳುಪಿನಲ್ಲಿ, ಹಿಂದಿನ ಪುಟದ ಆ ದಿನದ ಸುದ್ದಿ ತಿರುಗುಮುರುಗಾಗಿ ಕಾಣಿಸುತ್ತದೆ.